ಮೆಟ್ಟಿಲು ಹತ್ತಬೇಕಿದ್ದ ಬಳ್ಳಿ

ಬಳ್ಳಿ ಮೂರನೆಯ ಮೆಟ್ಟಿಲು ದಾಟಿತ್ತು! ಒಂದಿಂಚಕ್ಕ ಅಂಗಡಿಯ ಬಾಗಿಲು ತೆರೆಯಲು ಹೊರಟವಳು ಅದನ್ನು ಕಂಡು ಅಲ್ಲೇ ನಿಂತುಬಿಟ್ಟಳು. ಕೈಯಲ್ಲಿದ್ದ ಬೀಗವನ್ನು ಹೊಲಿಗೆ ಯಂತ್ರದ ಮೇಲೆ ಹಾಕಿ, ಮೆಟ್ಟಿಲ ಬುಡದಿಂದ ಮೇಲಕ್ಕೆ ಕೂಗಿದಳು.

“ಅತ್ತೇ! ಇನ್ನೊಂದು ಎಲೆ ಬಿಚ್ಚಿಕೊಂಡಿದೆ! ಬರ್ತಿದೆ, ಬರ್ತಿದೆ!”

“ಬರ್ಲಿ ಬಿಡೇ, ಅದಕ್ಕೇನು ಬಸ್ಸು ತಪ್ಪಿಹೋಗುತ್ತಾ?” ಎಂದಿತು ಮೇಲಿನ ದನಿ. ಹಾಗೆಂದರೂ ಕುರ್ಚಿ ಕಿರುಗುಟ್ಟಿತು. ಅತ್ತೆ ನೋಡಲು ಎದ್ದು ಬರುತ್ತಿದ್ದರು.

ಒಂದಿಂಚಕ್ಕ ದರ್ಜಿ. ಕೆಳಗೆ ಅಂಗಡಿ, ಮೇಲೆ ಮನೆ, ನಡುವೆ ಕಬ್ಬಿಣದ ಕಂಬಿ ಹಾಕಿದ ಮೆಟ್ಟಿಲು. ಯಾರು ಬಟ್ಟೆ ತಂದರೂ ಅಳತೆ ತೆಗೆದು, “ಒಂದಿಂಚು ಜಾಸ್ತೀನೇ ಬಿಟ್ಟಿರ್ತೀನಿ, ಬೇಕಾದ್ರೆ ಆಮೇಲೆ ಬಿಚ್ಕೋಬಹುದು” ಎನ್ನುವುದು ಅವಳ ಪದ್ಧತಿ. ಹಾಗೆ ಹೇಳಿ ಹೇಳಿಯೇ ಬೀದಿಯವರ ಬಾಯಲ್ಲಿ ಒಂದಿಂಚಕ್ಕ ಆದಳು. ಬಸ್ಸು ಓಡಿಸುವ ಗಂಡನೂ ಅವಳನ್ನು ಹಾಗೆಯೇ ಕರೆಯುತ್ತಿದ್ದ.

ಆ ಅಂಗಡಿಯಲ್ಲಿ ಹೊಲಿಗೆ ಅವಳದು, ಕತ್ತರಿ ಅತ್ತೆಯದು. ಅತ್ತೆ ಕತ್ತರಿಸಿದ ಕೋಟು ಹೆಗಲ ಮೇಲೆ ಕೂತರೆ ಹುಟ್ಟಿದಾಗಿನಿಂದ ಅಲ್ಲೇ ಇದ್ದಂತೆ ಕಾಣುತ್ತಿತ್ತು. ಅಂಥ ಅತ್ತೆ ಈ ಮೆಟ್ಟಿಲಲ್ಲೇ ಜಾರಿ ಬಿದ್ದು ಪಾದದ ಮೂಳೆ ಮುರಿದುಕೊಂಡರು. ಈಗ ಪಟ್ಟಿ ಬಿಚ್ಚಿಯಾಗಿತ್ತು, ಕಾಲು ಗಟ್ಟಿಯಾಗಿದೆ ಎಂದು ಡಾಕ್ಟರು ಹೇಳಿಯೂ ಆಗಿತ್ತು. ಮೇಲೆ ಒಲೆಯಿಂದ ಕಿಟಕಿಗೆ, ಕಿಟಕಿಯಿಂದ ಮಂಚಕ್ಕೆ ಬಿರಬಿರನೆ ಓಡಾಡುತ್ತಿದ್ದರು. ಮೆಟ್ಟಿಲ ತಲೆಗೆ ಬಂದರೆ ಮಾತ್ರ ಕಾಲು ಕಂಬವಾಗುತ್ತಿತ್ತು. “ಇವತ್ತು ಬೇಡ, ನಾಳೆ ನೋಡೋಣ” ಎಂದು ಹಿಂದಿರುಗಿಬಿಡುತ್ತಿದ್ದರು.

ಕೆಳಗೆ ವಾದ್ಯದ ತಂಡದವರು ಕೋಟಿಗೆಂದು ಕೊಟ್ಟ ಕೆಂಪು ಬಟ್ಟೆ ಸುರುಳಿ ಬಿಚ್ಚದೆ ಮೇಜಿನ ಮೇಲೆ ಕಾಯುತ್ತಿತ್ತು. “ನೀನು ಕತ್ತರಿಸಿದ್ರೆ ಅವರು ಕೋಟಿನೊಳಗೇ ಕಳೆದುಹೋಗ್ತಾರೆ ಮಾರಾಯ್ತಿ” ಎಂದು ಗಂಡ ನಕ್ಕಿದ್ದ. ಒಂದಿಂಚಕ್ಕನಿಗೆ ನಗು ಬರಲಿಲ್ಲ. ಬಟ್ಟೆಯ ಚಿಂತೆ ಒಂದು ಕಡೆ. ಅತ್ತೆ ಇಲ್ಲದ ಮೇಜಿನೆದುರು ಕೂತು ಹೊಲಿಯುವುದು ಅವಳಿಗೆ ಬಿಕೋ ಎನ್ನುತ್ತಿತ್ತು.

ಬಳ್ಳಿಯೂ ಅತ್ತೆಯದೇ. ಅಂಗಡಿಯ ಕಿಟಕಿಕಟ್ಟೆಯ ಕುಂಡದಲ್ಲಿ ನೆಟ್ಟ ಮನಿಪ್ಲಾಂಟ್, ನೆಲದವರೆಗೆ ಇಳಿಬಿದ್ದಿತ್ತು. ಒಂದು ಮಧ್ಯಾಹ್ನ ಅತ್ತೆ ಮೆಟ್ಟಿಲ ತಲೆಯಲ್ಲಿ ನಿಂತು ಕತ್ತು ಚಾಚಿ, “ಅದರ ಮುಖ ನೋಡಿ ಎಷ್ಟು ದಿನ ಆಯ್ತೋ. ಅದು ಮೇಲೆ ಬಂದು ನನ್ನ ಮಾತಾಡಿಸಿದ್ರೆ ನಾನೂ ಕೆಳಗೆ ಬರ್ತೀನಿ ಕಣೇ” ಎಂದರು. ಅವರು ಹೇಳಿದ್ದು ತಮಾಷೆಗೆ. ಒಂದಿಂಚಕ್ಕ ಅದನ್ನು ಕರಾರೆಂದೇ ಹಿಡಿದಳು.

ಅಂದೇ ಬಳ್ಳಿಯನ್ನು ಎತ್ತಿ, ಚೂರುಬಟ್ಟೆಯ ಪಟ್ಟಿಗಳಿಂದ ಮೆಟ್ಟಿಲ ಕಂಬಿಗೆ ಕಟ್ಟಿದಳು. ಗಿಡ ಮಾರುವವನ ಬಳಿ ಹೋಗಿ ದ್ರವಗೊಬ್ಬರದ ಬಾಟಲಿ ತಂದಳು. “ಒಂದು ಕೊಡ ನೀರಿಗೆ ಒಂದು ಮುಚ್ಚಳ ಅಕ್ಕ. ತಿಂಗಳಿಗೊಂದು ಸಲ ಸಾಕು” ಎಂದು ಅವನು ಎರಡೆರಡು ಬಾರಿ ಹೇಳಿ ಕಳಿಸಿದ. ಮೊದಲ ಸಲ ಹಾಗೆಯೇ ಹಾಕಿದಳು. ಬಳ್ಳಿ ಹೇಗೆ ಚಿಗುರಿತೆಂದರೆ, ಸುರುಳಿ ಸುತ್ತಿದ ಎಳೆ ಎಲೆ ಬೆಳಿಗ್ಗೆಗೊಂದು ಥರ, ಸಂಜೆಗೊಂದು ಥರ! ಗಿರಾಕಿಗಳನ್ನೆಲ್ಲ ಮೆಟ್ಟಿಲ ಬಳಿ ಕರೆದು ತೋರಿಸಿದಳು. ಗುಂಡಿ ಹಾಕಿಸಲು ಬಂದವರು ಎಲೆ ಹೊಗಳಿ ಹೋಗಬೇಕಾಯಿತು.

ಇಷ್ಟಕ್ಕೆ ಇಷ್ಟು ಓಡಿದರೆ, ಇನ್ನಷ್ಟು ಕೊಟ್ಟರೆ? ಅವಳ ಕೈಯ ಪದ್ಧತಿ ಸುಮ್ಮನಿರಲಿಲ್ಲ. ಮುಚ್ಚಳ ತುಂಬಿದ ಮೇಲೆ ಇನ್ನೊಂದಿಷ್ಟು. ಕೊಡದ ಬದಲು ಒಂದೇ ಚೊಂಬು ನೀರು. ಮಣ್ಣು ಒಣಗಿದ್ದರೂ ನೇರ ಬುಡಕ್ಕೆ. ತಿಂಗಳಿಗೊಮ್ಮೆ ಹೋಗಿ ನೆನಪಾದಾಗಲೆಲ್ಲ ಎಂದಾಯಿತು, ಬಳ್ಳಿಯ ನೆನಪಿಲ್ಲದ ಹೊತ್ತಂತೂ ಅವಳಿಗೆ ಇರಲಿಲ್ಲ.

ಮೂರನೆಯ ಮೆಟ್ಟಿಲು ದಾಟಿದ ಮೇಲೆ ಬಳ್ಳಿ ನಿಂತಿತು. ಎಲೆಗಳ ಅಂಚು ಇಸ್ತ್ರಿ ತಾಗಿದಂತೆ ಕಂದಾಯಿತು. ಕುಂಡದ ಮಣ್ಣಿನ ಮೇಲೆ ಉಪ್ಪಿನಂಥ ಬಿಳಿ ಪದರ ಕಟ್ಟಿತು. ದರ್ಜಿಗೆ ಹೊಳೆದದ್ದು ದರ್ಜಿಯ ಉಪಾಯವೇ: ಸಣ್ಣ ಕತ್ತರಿ ತಂದು ಪ್ರತಿ ಎಲೆಯ ಕಂದು ಅಂಚನ್ನು ಒಪ್ಪವಾಗಿ ಕತ್ತರಿಸಿ, ಹೊಸ ಎಲೆಯಂತೆಯೇ ಕಾಣುವಂತೆ ಮಾಡಿಟ್ಟಳು.

ಮರುದಿನ ಅತ್ತೆ ಮೆಟ್ಟಿಲ ತಲೆಗೆ ಬಂದು ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು.

“ಏನೇ ಇದು? ಎಲೆಗಳಿಗೆ ಕತ್ತರಿ ತಾಗಿದೆ.”

“ಎಲ್ಲಿ ಅತ್ತೆ? ಹಾಗೇನಿಲ್ಲ…”

“ನನ್ನ ಹತ್ರ ಆಡ್ತೀಯಾ? ಅಷ್ಟು ನೆಟ್ಟಗಿನ ಅಂಚು ಗಿಡಕ್ಕೆ ಬರಲ್ಲ, ನಿನಗೆ ಬರುತ್ತೆ. ಏನು ಹಾಕಿದೆ?”

ಒಂದಿಂಚಕ್ಕ ಮೆಟ್ಟಿಲ ಮೇಲೆ ಕುಸಿದು ಕೂತು ಎಲ್ಲವನ್ನೂ ಹೇಳಿದಳು, ಚೊಂಬಿನ ಸಮೇತ. “ಬೇಗ ಮೇಲೆ ಬರ್ಲಿ ಅಂತ ಹಾಕಿದೆ ಅತ್ತೆ. ನೀವು ಕೆಳಗೆ ಬರ್ಲಿ ಅಂತ.”

ಅತ್ತೆ ಸೆರಗು ಸಿಕ್ಕಿಸಿದರು. “ಬಟ್ಟೆ ಜಾಸ್ತಿ ಆದ್ರೆ ಒಳಗೆ ಮಡಚಬಹುದು. ಗೊಬ್ಬರ ಜಾಸ್ತಿ ಆದ್ರೆ ಎಲ್ಲಿ ಮಡಚ್ತೀಯೇ? ಬೇರು ಸುಡ್ತಿದೆ, ಏಳು! ಮೇಲಿನ ಬಿಳಿ ಮಣ್ಣು ಕೆರೆದು ತೆಗಿ. ಟಬ್ಬಿನ ಮೇಲೆ ಹಲಗೆ ಇಟ್ಟು, ಅದರ ಮೇಲೆ ಕುಂಡ ಇಡು. ಬರೀ ನೀರು ಹುಯ್ಯಿ. ಕೆಳಗಿನ ತೂತಿಂದ ತಿಳಿನೀರು ಬರೋತನಕ ಹುಯ್ತಾನೇ ಇರು!”

ಓಡಿದಳು. ಚಮಚದಿಂದ ಬಿಳಿ ಪದರ ಕೆರೆದಳು. ಟಬ್ಬು ಎಳೆದು ತಂದಳು. ಕುಂಡವನ್ನು ತಬ್ಬಿ ಕಿಟಕಿಕಟ್ಟೆಯಿಂದ ಕೆಳಗಿಳಿಸತೊಡಗಿದಳು. ಕುಂಡ ಇಳಿದಷ್ಟೂ ಕಂಬಿಯ ಮೇಲಿನ ಬಳ್ಳಿ ದಾರದಂತೆ ಬಿಗಿಯಿತು.

“ನಿಲ್ಲು! ನಿಲ್ಲೇ! ಮೇಲಿನ ಗಂಟು ಬಿಗಿದಿದೆ, ಬಳ್ಳಿ ತುಂಡಾಗುತ್ತೆ! ಗಂಟು ಬಿಚ್ಚು!”

“ಎರಡು ಕೈಯೂ ಕುಂಡದಲ್ಲಿದೆ ಅತ್ತೆ!”

“ವಾಪಸ್ ಇಡು!”

“ಎತ್ತೋಕಾಗ್ತಿಲ್ಲ, ಜಾರ್ತಿದೆ!”

ಮೇಲೆ ಕಂಬಿ ಅಲುಗಿದ ಸದ್ದಾಯಿತು. ಒಂದಿಂಚಕ್ಕ ತಲೆಯೆತ್ತಿದಳು. ಅತ್ತೆ ಮೊದಲ ಮೆಟ್ಟಿಲ ಮೇಲೆ ಕೂತಿದ್ದರು. ಎರಡೂ ಕೈಯಲ್ಲಿ ಕಂಬಿ ಹಿಡಿದು, ತುಟಿ ಕಚ್ಚಿ, ಕೂತಲ್ಲಿಂದಲೇ ಒಂದು ಮೆಟ್ಟಿಲು ಕೆಳಕ್ಕೆ ಸರಿದರು. ಧೊಪ್. ಇನ್ನೊಂದು. ಧೊಪ್.

“ಅತ್ತೇ!”

“ನನ್ನ ನೋಡ್ಬೇಡ, ಕುಂಡ ನೋಡು! ನಕ್ಕರೆ ನೋಡು ಮತ್ತೆ!”

ಅವಳಿಗೆ ನಗುವೂ ಅಳುವೂ ಒಟ್ಟಿಗೆ ಒತ್ತಿ ಬಂದವು, ಕುಂಡವನ್ನು ಇನ್ನಷ್ಟು ಬಿಗಿಯಾಗಿ ತಬ್ಬಿದಳು. ಅತ್ತೆ ಬಳ್ಳಿಯ ತುದಿಯಿದ್ದ ಮೆಟ್ಟಿಲಿಗೆ ಬಂದು ಗಂಟು ಬಿಚ್ಚಿದರು. ಬಳ್ಳಿ ಸಡಿಲಾಯಿತು, ಕುಂಡ ಹಲಗೆಯ ಮೇಲೆ ಕೂತಿತು. “ಹುಂ, ಹುಯ್ಯಿ” ಎಂದರು, ಬಳ್ಳಿಯನ್ನು ಮಗುವಿನಂತೆ ತೋಳ ಮೇಲೆ ಹಾಕಿಕೊಂಡು. ತೂತಿನಿಂದ ಮೊದಲು ಟೀ ಬಣ್ಣದ ನೀರು ಬಂತು, ಆಮೇಲೆ ಮಾಸಲು, ಕೊನೆಗೆ ತಿಳಿ.

“ಇನ್ನು ಹೊಸ ಎಲೆ ಬಿಡೋತನಕ ಆ ಬಾಟಲಿ ಮುಟ್ಟಕೂಡದು” ಎಂದರು ಅತ್ತೆ. “ಆಮೇಲೂ ಅವನು ಹೇಳಿದ್ದರಲ್ಲಿ ಅರ್ಧ. ಮೊದಲು ಬರೀ ನೀರಲ್ಲಿ ಮಣ್ಣು ನೆನೆಸಿ, ಆಮೇಲೆ ಗೊಬ್ಬರದ ನೀರು. ತಿಂಗಳಿಗೊಂದ್ಸಲ. ಚಳಿಗಾಲದಲ್ಲಿ ಅದು ನಿದ್ದೆ ಮಾಡುತ್ತೆ, ಆಗ ಅದೂ ಬೇಡ. ತಿಳೀತಾ?”

“ಹೂಂ ಅತ್ತೆ. ಈಗ ನೀವು…”

ಅತ್ತೆ ಮೇಲೆ ನೋಡಿದರು, ಕೆಳಗೆ ನೋಡಿದರು. ಮೇಲಕ್ಕೆ ದೂರ, ಕೆಳಕ್ಕೆ ಮೂರೇ ಮೆಟ್ಟಿಲು. ಒಂದಿಂಚಕ್ಕನಿಗೆ ಕೈ ಚಾಚಲೂ ಧೈರ್ಯವಾಗಲಿಲ್ಲ.

“ಹತ್ತೋದಕ್ಕಿಂತ ಇಳಿಯೋದೇ ವಾಸಿ” ಎಂದರು ಅತ್ತೆ. ಬಳ್ಳಿಯನ್ನು ಕಂಬಿಗೆ ಸಡಿಲವಾಗಿ ಕಟ್ಟಿ, ಎದ್ದು ನಿಂತರು. ಮುರಿದಿದ್ದ ಕಾಲನ್ನೇ ಮೊದಲು ಕೆಳಗಿಟ್ಟರು. ಅದು ನಿಂತಿತು. ಇನ್ನೊಂದು ಕಾಲು ಜೊತೆಗೂಡಿತು. ಕೊನೆಯ ಮೆಟ್ಟಿಲು ಇಳಿದಾಗ ಒಂದಿಂಚಕ್ಕ ಒದ್ದೆ ಕೈಯಲ್ಲೇ ಅವರನ್ನು ಅಪ್ಪಿಕೊಂಡು ಎರಡು ಸಲ ಗಿರ್ರನೆ ಸುತ್ತಿಬಿಟ್ಟಳು.

“ಬಿಡೇ, ಇನ್ನೊಂದು ಕಾಲೂ ಮುರೀತೀಯ!” ಅತ್ತೆ ಅವಳ ಬೆನ್ನಿಗೊಂದು ಗುದ್ದಿ ಮೇಜಿನ ಬಳಿ ಹೋದರು. ಕೆಂಪು ಬಟ್ಟೆಯನ್ನು ಬೆರಳ ನಡುವೆ ಉಜ್ಜಿ ನೋಡಿ, ಸುರುಳಿಯನ್ನು ಒಂದೇ ಸಲಕ್ಕೆ ಮೇಜಿನುದ್ದಕ್ಕೂ ಹರಡಿದರು.

“ಸುಮ್ನೆ ನಿಂತ್ಕೋಬೇಡ. ಕೈ ಒರೆಸ್ಕೊಂಡು ಆ ತುದಿ ಹಿಡಿ.”