ಠಣ್ ಎಂದ ಕರಿಯ ಕಂಬ

ಬೆಳಕು ಹರಿಯುವ ಹೊತ್ತಿಗೆ ಇದ್ದಿಲಮ್ಮ ಕುಲುಮೆಯ ಮುಚ್ಚಳದ ಮೇಲೆ ಅಂಗೈ ಇಟ್ಟು ನಿಂತಿದ್ದಾರೆ. ಹೆಸರು ಕಾರ್ಖಾನೆಯವರು ಇಟ್ಟದ್ದು. ಇಂಧನ ವಿಜ್ಞಾನ ಓದಿದ ಎಂಜಿನಿಯರ್ ಇವರು, ಮೊಣಕೈವರೆಗೂ ಮಸಿ. ಒಳಗಿರುವುದು ಉರಿಯದಂತೆ ಬೇಯಿಸಿ ಆರಲು ಬಿಟ್ಟ ಆಳೆತ್ತರದ ಇಂಗಾಲದ ಕಂಬ. ಉಕ್ಕಿನ ಕಾರ್ಖಾನೆಗಳಲ್ಲಿ ಗುಜರಿ ಕಬ್ಬಿಣ ಕರಗಿಸುವ ಕುಲುಮೆಗೆ ವಿದ್ಯುತ್ ಹಾಯಿಸುವುದು ಇಂಥ ಕಂಬಗಳೇ.

"ಓದಿದ್ದು ಚೆನ್ನಾಗಿ ಉರಿಸೋದು ಹೇಗೆ ಅಂತ. ಸಂಬಳ ತಗೊಂಡಿದ್ದೆಲ್ಲ ಉರೀದ ಹಾಗೆ ನೋಡ್ಕೊಳ್ಳೋಕೆ," ಎಂದು ನಗುತ್ತಾರೆ.

ಪ್ರಯೋಗಾಲಯದಲ್ಲಿ ಕಲ್ಲಿದ್ದಲ ಬೂದಿ ತೂಗುತ್ತ ಶುರುವಾದ ಕೆಲಸ, ಮೂವತ್ತು ವರ್ಷದಿಂದ ಈ ಕುಲುಮೆಗೆ ಅಂಟಿಕೊಂಡಿದೆ. ಇಂಗಾಲದ ಪುಡಿಯನ್ನು ಕಲಸಿ ಕಟ್ಟಲು ಡಾಂಬರು ಬೇಕು. ಬೇಯುವಾಗ ಅದರ ಹೊಗೆ ಕೆಲಸಗಾರರ ಎದೆಗೇ ಇಳಿಯುತ್ತದೆ. ಮೇಸ್ತ್ರಿ ಕೆಮ್ಮಲು ಶುರು ಮಾಡಿದರೆ ಉಳಿದವರು ಮಾತು ನಿಲ್ಲಿಸಿ ಕಾಯುತ್ತಾರೆ. ಆ ಕೆಮ್ಮು ಕೇಳಲಾರದೆ ಇದ್ದಿಲಮ್ಮ ಅಷ್ಟು ಹೊಗೆಯಾಡದ ಬೇರೊಂದು ಅಂಟು ಹುಡುಕಿದರು. ಅದರಿಂದ ಕಟ್ಟಿದ ಮೊದಲ ಕಂಬ ಬಿರುಕು ಬಿಟ್ಟಿತು. ಎರಡನೆಯದನ್ನು ಮ್ಯಾನೇಜರು ಅವಸರಪಟ್ಟು ಬಿಸಿಯಲ್ಲೇ ತೆಗೆಸಿದರು, ಅದೂ ಬಿರುಕು ಬಿಟ್ಟಿತು. ಈ ಮೂರನೆಯದೂ ಕೈಕೊಟ್ಟರೆ ಮತ್ತೆ ಹಳೇ ಡಾಂಬರೇ ಗತಿ ಎಂದು ಮ್ಯಾನೇಜರು ಹೇಳಿಬಿಟ್ಟಿದ್ದಾರೆ.

"ಬೇಯೋ ತನಕ ಕಾದವರಿಗೆ ಆರೋ ತನಕ ಕಾಯೋಕಾಗಲ್ವಾ?" ಎನ್ನುತ್ತಾರೆ ಇದ್ದಿಲಮ್ಮ. ಅದಕ್ಕೇ ಈ ಸಲ ಕಂಬ ಎತ್ತುವ ಕ್ರೇನಿನ ಕೀಲಿಕೈಯನ್ನು ಊಟದ ಡಬ್ಬಿಯೊಳಗೆ ಹಾಕಿಕೊಂಡು ಮನೆಗೆ ಹೋದರು. ಮ್ಯಾನೇಜರು ಕಾರ್ಖಾನೆಯನ್ನೆಲ್ಲ ಜಾಲಾಡಿದ್ದೇ ಬಂತು. "ಡಬ್ಬಿ ತೊಳೆಯೋನು ನಾನು. ನಾನೂ ಬಾಯಿ ಬಿಡಲಿಲ್ಲ," ಎನ್ನುತ್ತಾರೆ, ಇದ್ದಿಲಮ್ಮನವರನ್ನು ಬಿಡಲು ಬಂದು ಗೇಟಿನಲ್ಲೇ ಉಳಿದ ಗಂಡ.

ಈಗ ಮುಚ್ಚಳ ತಣ್ಣಗಿದೆ. ಡಬ್ಬಿಯಿಂದ ಕೀಲಿಕೈ ಹೊರಬರುತ್ತದೆ. ಮ್ಯಾನೇಜರು ಕಂಡೂ ಕಾಣದವರಂತೆ ಚಾವಣಿ ನೋಡುತ್ತಾರೆ. ಕಂಬ ಮೆಲ್ಲಗೆ ಮೇಲೇಳುತ್ತದೆ. ಒಳಗಿನ ಬಿರುಕು ಕಣ್ಣಿಗೆ ಕಾಣುವುದಿಲ್ಲ. ಮಡಕೆ ಕೊಳ್ಳುವವರ ಹಾಗೆ ಬಡಿದೇ ನೋಡಬೇಕು. ಬಿರುಕಿದ್ದರೆ ಒಡಕು ಸದ್ದು. ಮೇಸ್ತ್ರಿ ಮರದ ಸುತ್ತಿಗೆ ಎತ್ತುತ್ತಾರೆ. ಇದ್ದಿಲಮ್ಮ ಕಣ್ಣು ಮುಚ್ಚಿಕೊಳ್ಳುತ್ತಾರೆ.

ಠಣ್.

ಇದ್ದಿಲಮ್ಮ ಕಣ್ಣು ತೆರೆದು ಪಕ್ಕದ ಕಟ್ಟೆಯ ಮೇಲೆ ಕೂರುತ್ತಾರೆ.

"ಇನ್ನೊಂದ್ಸಲ ಹೊಡೀರಿ ಮೇಸ್ತ್ರಿ."

"ಯಾಕಮ್ಮಾ, ಕೇಳಿಸಲಿಲ್ವಾ?"

"ಕೇಳಿಸ್ತು. ಇಷ್ಟು ವರ್ಷ ನಿಮ್ಮ ಕೆಮ್ಮು ಕೇಳಿ ಕೇಳಿ ಸಾಕಾಗಿದೆ. ಇನ್ಮೇಲೆ ಇದನ್ನ ಕೇಳ್ತೀನಿ."