ಬಳ್ಳಾರಿಯಲ್ಲಿ ಗೆದ್ದ ಅಪೀಲು

ಆದೋನಿಯ ಹೈಸ್ಕೂಲಿನಲ್ಲಿ ಆರನೇ ಫಾರಂ ಓದುತ್ತಿದ್ದಾಗ ನನ್ನನ್ನು ಫುಟ್‌ಬಾಲ್ ಆಟದಿಂದ ಒಂದು ವರ್ಷ ಹೊರಗಿಟ್ಟರು. ನಮ್ಮದು ಆಲೂರು ಕಡೆಯ ಕುರಿ ಸಾಕುವ ಮನೆತನ. ಓದಿನಲ್ಲಿ ನಾನು ಅಷ್ಟಕ್ಕಷ್ಟೇ. ಆದರೆ ನನ್ನನ್ನು ದಾಟಿ ಚೆಂಡು ಒಯ್ಯುವವರು ಸುತ್ತಿನ ತಾಲ್ಲೂಕುಗಳಲ್ಲಿ ಇರಲಿಲ್ಲ ಎಂದು ಈಗಲೂ ಹೇಳಿಕೊಳ್ಳುತ್ತೇನೆ.

ಬಳ್ಳಾರಿಯಿಂದ ಬಂದ ತಂಡದೊಂದಿಗೆ ಅವತ್ತು ಜಿಲ್ಲಾ ಪಂದ್ಯಾವಳಿಯ ಒಂದು ಪಂದ್ಯ. ಗೋಲಿನ ಮುಂದೆ ಏಳೆಂಟು ಜನ ಒಂದೇ ಚೆಂಡಿಗೆ ಮುಗಿಬಿದ್ದೆವು. ಧೂಳು ಇಳಿದಾಗ ಎದುರು ತಂಡದ ಹುಡುಗನೊಬ್ಬ ಬಿದ್ದಿದ್ದ, ಮೊಣಕಾಲ ಕೆಳಗೆ ರಕ್ತ ಸುರಿಯುತ್ತಿತ್ತು. ಅವನ ಪಕ್ಕ ಬಗ್ಗಿ ನಿಂತಿದ್ದವನು ನಾನು. ರೆಫರಿ ಸೀಟಿ ಊದಿ ನನ್ನತ್ತ ಬೆರಳು ಮಾಡಿದರು.

"ಬೇಕಂತನ ಒದ್ದೀಯಲ್ಲ! ನಡಿ ಹೊರಗ!"

ಆದೋನಿ ಆಗ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ನಾಲ್ಕು ದಿನಕ್ಕೆ ಜಿಲ್ಲೆಯ ಕ್ರೀಡಾ ಸಮಿತಿಯ ಕಾಗದ ಬಂತು. ಅವರು ಬಳ್ಳಾರಿಯಲ್ಲಿ ಕೂತು, ರೆಫರಿಯ ವರದಿ ಓದಿ, ಒಂದು ವರ್ಷ ಎಂದು ಬರೆದಿದ್ದರು. ನನಗೆ ಅದು ಶಾಲೆಯ ಕಡೆಯ ವರ್ಷ.

ನಾನು ಇದ್ದದ್ದು ಮುನ್ಸೀಫ್ ಕೋರ್ಟಿನ ಗುಮಾಸ್ತರೊಬ್ಬರ ಮನೆಯ ಹೊರಕೋಣೆಯಲ್ಲಿ. ವೈಷ್ಣವರು, ಊರಿಗೆಲ್ಲ ಆಚಾರ್ರು. ಜನ್ಮದಲ್ಲಿ ಚೆಂಡು ಮುಟ್ಟಿದವರಲ್ಲ. ನಾನು ಊಟ ಬಿಟ್ಟದ್ದು ತಿಳಿದು ಕೋಣೆಗೇ ಬಂದರು. ಕಾಗದ ಕೊಟ್ಟೆ. ಎರಡು ಸಲ ಓದಿದರು.

"ನಿನ್ನ ಕರದು ಕೇಳಿದ್ರೇನು?"

"ಇಲ್ರಿ."

"ಗಾಯ ಆದ ಹುಡುಗನ್ನ?"

"ಅವನ್ನೂ ಕೇಳಿಲ್ಲಂತ್ರಿ."

"ಕಳ್ಳನ್ನ ಸೈತ ಜಡ್ಜಿ ಮುಂದ ನಿಲ್ಲಿಸಿ ಕೇಳ್ತಾರ. ಇದೆಂಥಾ ವಿಚಾರಣಿ!"

ಡ್ರಿಲ್ ಮೇಷ್ಟ್ರ ಹತ್ತಿರವಿದ್ದ ನಿಯಮದ ಪುಸ್ತಕ ತರಿಸಿಕೊಂಡು ಅದನ್ನೂ ಓದಿದರು. ಶಿಕ್ಷೆಯಾದವನು ಹತ್ತು ದಿನದೊಳಗೆ ಅಪೀಲು ಬರೆದು ಕೊಡಬಹುದು. ಮೊದಲು ತೀರ್ಪು ಕೊಟ್ಟವರನ್ನು ಬಿಟ್ಟು ಬೇರೆ ಮೂವರು ಅದನ್ನು ಕೇಳಬೇಕು. ಆಟಗಾರ ತನ್ನ ಜೊತೆ ಒಬ್ಬ ಹಿರಿಯರನ್ನು ಕರೆದುಕೊಂಡು ಬರಬಹುದು. ಇಷ್ಟೆಲ್ಲ ಅದರಲ್ಲಿತ್ತು, ನಮಗ್ಯಾರಿಗೂ ಗೊತ್ತಿರಲಿಲ್ಲ. ಕಾಗದದ ಜೊತೆ ಡಾಕ್ಟರ ಚೀಟಿಯ ನಕಲೂ ಇತ್ತು. ಬೂಟಿನ ಮೊಳೆಗಳಿಂದಾದ ಗಾಯ ಎಂದು ಅದರಲ್ಲಿ ಬರೆದಿತ್ತು.

"ಎಲ್ಲೈತಿ ನಿನ್ನ ಬೂಟು? ತೊಗೊಂಡು ಬಾ, ಮೊಳಿ ನೋಡೋಣು."

"ನನಗ ಬೂಟು ಎಲ್ಲಿಂದ ಬರಬೇಕ್ರಿ ಆಚಾರ್ರ? ನಾ ಬರಿಗಾಲಾಗ ಆಡ್ತೀನಿ."

ಅವರು ಕನ್ನಡಕ ತೆಗೆದು ನನ್ನ ಕಾಲು ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂದೇ ಕೂತು ಕೋರ್ಟಿನ ಇಂಗ್ಲಿಷಿನಲ್ಲಿ ಅಪೀಲು ಬರೆದರು.

ವಿಚಾರಣೆಯ ದಿನ ನನ್ನ ಜೊತೆಗೆ ಹಿರಿಯನಾಗಿ ಅಪ್ಪ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಬಂದ. ಗುಂತಕಲ್ಲಿನಲ್ಲಿ ರೈಲು ಬದಲಿಸಿ ಬಳ್ಳಾರಿ ಸೇರಿದೆವು. ಮೂವರು ಮೇಜಿನ ಹಿಂದೆ ಕೂತಿದ್ದರು. ನಡುವೆ ಇದ್ದವರು ನಿವೃತ್ತ ಹೆಡ್‌ಮಾಸ್ಟರು. ನನ್ನತ್ತ ನೋಡಿ, "ಭಯಪಡಕು, ಚೆಪ್ಪರಾ", ಹೆದರಬೇಡ ಹೇಳೋ, ಎಂದು ತೆಲುಗಿನಲ್ಲಿ ಧೈರ್ಯ ಹೇಳಿದರು. ನಾನು ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ ನಡೆದದ್ದನ್ನೆಲ್ಲ ಹೇಳಿದೆ. ಬರಿಗಾಲಿನ ಮಾತನ್ನೂ ಹೇಳಿದೆ.

ಅವರು ರೆಫರಿಯತ್ತ ತಿರುಗಿದರು. "ಒದ್ದದ್ದನ್ನ ನೀವು ಕಣ್ಣಾರೆ ನೋಡಿದಿರೇನು?"

ರೆಫರಿ ಎದ್ದು ನಿಂತರು. "ಧೂಳಿತ್ತು ಸಾರ್. ಇವನು ಪಕ್ಕದಾಗ ನಿಂತಿದ್ದ."

ಗಾಯವಾದ ಹುಡುಗನನ್ನು ಕರೆದರು. ಕುಂಟುತ್ತ ಬಂದ.

"ಬೂಟು ನಮ್ಮವರದ ಸಾರ್. ಇವ ನನ್ನ ಎಬ್ಬಸಾಕ ಬಂದಾನ, ಅಷ್ಟ. ನನ್ನ ಯಾರೂ ಕೇಳಲಿಲ್ಲ."

ಕೊನೆಗೆ ಅಪ್ಪನಿಗೆ ಹೇಳುವುದಿದೆಯೇ ಎಂದರು. ಅಪ್ಪ ಎದ್ದು ನಿಂತ. "ಒದ್ದಿದ್ರ ನಾನಾ ಇವನ್ನ ಕುರಿ ಕಾಯಾಕ ಕರಕೊಂಡು ಹೋಗ್ತಿದ್ದೆ ಸಾಮಿ. ಒದ್ದಿಲ್ಲ. ಆಡಾಕ ಬಿಡ್ರಿ."

ನಮ್ಮನ್ನು ಜಗಲಿಯಲ್ಲಿ ಕೂರಿಸಿ, ಅರ್ಧ ಗಂಟೆಗೆ ಒಳಗೆ ಕರೆದು ತೀರ್ಪು ಓದಿದರು. ಶಿಕ್ಷೆ ರದ್ದು. ಇನ್ನು ಮೇಲೆ ಆಟಗಾರನನ್ನು ಕೇಳದೆ ಯಾರನ್ನೂ ಹೊರಗಿಡಕೂಡದು. ನನಗೆ ಕಿವಿಯಲ್ಲಿ ಗಾಳಿ ತುಂಬಿದ ಹಾಗಾಯಿತು. ರೆಫರಿ ನೇರ ಅಪ್ಪನ ಹತ್ತಿರ ಬಂದು, "ತಪ್ಪಾತಪ್ಪ, ಮನಸಿನಾಗ ಇಟಗೋಬ್ಯಾಡ" ಎಂದು ಕೈ ಹಿಡಿದುಕೊಂಡರು. ಹಾಗೆ ಎಲ್ಲರೆದುರು ತಪ್ಪು ಒಪ್ಪಿಕೊಂಡ ದೊಡ್ಡವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅವರ ಮೇಲಿದ್ದ ಸಿಟ್ಟು ಅಲ್ಲೇ ಇಳಿಯಿತು.

ಮುಂದಿನ ವಾರವೇ ಆದೋನಿಯಲ್ಲಿ ಅದೇ ಪಂದ್ಯಾವಳಿಯ ಫೈನಲ್, ಗುಂತಕಲ್ಲಿನ ತಂಡದ ಮೇಲೆ. ಆಚಾರ್ರು ಮೊದಲ ಸಲ ಆಟ ನೋಡಲು ಬಂದರು. ಸೀಟಿ ಕೇಳಿದಾಗಲೆಲ್ಲ, "ಈಗ ಯಾರನ್ನ ಹೊರಗ ಹಾಕಿದ್ರು?" ಎಂದು ಪಕ್ಕದವರನ್ನು ಕೇಳುತ್ತಿದ್ದರಂತೆ. ಒಂದೇ ಒಂದು ಗೋಲಿನಿಂದ ಗೆದ್ದೆವು. ನನ್ನನ್ನು ದಾಟಿ ಒಂದು ಚೆಂಡೂ ಹೋಗಲಿಲ್ಲ. ನಾವು ಹುಡುಗರೆಲ್ಲ ಓಡಿಹೋಗಿ ಆಚಾರ್ರನ್ನೇ ಹೆಗಲ ಮೇಲೆ ಎತ್ತಿಕೊಂಡೆವು.

"ಇಳಸ್ರೋ! ಬಿದ್ದೇನು!" ಎಂದು ಅವರು ಕೂಗುತ್ತಲೇ ಇದ್ದರು. ಆದರೆ ಮೈದಾನ ಒಂದು ಸುತ್ತು ಮುಗಿಯುವವರೆಗೆ ಹಿಡಿದಿದ್ದ ನಮ್ಮ ತಲೆಗೂದಲು ಬಿಡಲಿಲ್ಲ, ನಗುವುದನ್ನೂ ನಿಲ್ಲಿಸಲಿಲ್ಲ.