ಶಾರದಕ್ಕನ ಕೈಗುಣ

ಲತಾ, ನಿನ್ನ ಮಗಳ ಕುತ್ತಿಗೆಯ ಮೇಲಿನ ಆ ಕಲೆ ನಿನ್ನ ಅವ್ವನಿಂದ ಆದದ್ದಲ್ಲ. ನನ್ನಿಂದ ಆದದ್ದು. ಇಷ್ಟು ಹೇಳುವುದಕ್ಕೆ ಇಷ್ಟು ವರ್ಷ ತೆಗೆದುಕೊಂಡೆ — ಅದೂ ನಿನ್ನ ಅವ್ವ ಶಾರದಕ್ಕ ತೀರಿಹೋದ ಮೇಲೆ, ಅವರಿಗೆ ಕೇಳಿಸದ ಹೊತ್ತಿನಲ್ಲಿ.

ಹೋದ ವಾರ ಫೋನಿನಲ್ಲಿ ನೀನು ಅಂದೆ: "ಅವ್ವಗ ನನ್ನ ಮಕ್ಕಳ ಮ್ಯಾಲೆ ಪ್ರೀತಿನೇ ಇರಲಿಲ್ಲ ಬಿಡ್ರಿ ಆಂಟಿ. ಎರಡನೇ ಕೂಸಿನ್ನ ಒಮ್ಮಿನೂ ಎತ್ತಿಕೊಳ್ಳಲಿಲ್ಲ." ನಾನು ಹೂಂಗುಟ್ಟಿದೆ. ಹೂಂಗುಟ್ಟಿದೆ ಲತಾ! ಫೋನು ಇಟ್ಟ ಮೇಲೆ ಊಟ ಸೇರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ತೊಂಬತ್ತರ ದಶಕದ ಮಣಿನಗರ ನಿನಗೆ ನೆನಪಿದೆ. ನಿನ್ನ ಅಪ್ಪ ರೈಲ್ವೆಯಲ್ಲಿ, ನನ್ನ ಯಜಮಾನರು ಬ್ಯಾಂಕಿನಲ್ಲಿ, ಎದುರುಬದುರು ಮನೆ. ನೀನು ಮದುವೆಯಾಗಿ ವಡೋದರಾಕ್ಕೆ ಹೋದ ಮೇಲೆ ನಿನ್ನ ಅವ್ವನಿಗೆ ಹೊತ್ತು ಹೋಗದು. ಹಾಸನದಿಂದ ಬಂದ ನನಗೆ ಗುಜರಾತಿ ಬಾರದು, ಅವರ ಧಾರವಾಡದ ಮಾತೂ ಅರ್ಧ ಅರ್ಥವಾಗದು. ಆದರೂ ಒಬ್ಬರಿಗೊಬ್ಬರು ಅಂಟಿಕೊಂಡೆವು. ಮಹಿಳಾ ಮಂಡಳದಲ್ಲಿ ಕೋಕಿಲಾಬೆನ್ ಎನ್ನುವವರು ಮನೆಯಲ್ಲೇ ಸೋಪು ಮಾಡುವುದನ್ನು ಕಲಿಸಿದರು. ನಾವಿಬ್ಬರೂ ಸೇರಿದೆವು. ಅಷ್ಟರಲ್ಲೇ ನೀನು ಬಸುರಿ ಎಂಬ ಸುದ್ದಿ ಬಂತು. ಶಾರದಕ್ಕನ ಉಮೇದು ಕೇಳಬೇಕೆ? ಮೊಮ್ಮಗುವಿನ ಮೈಗೆ ಅಂಗಡಿಯ ಸೋಪು ಸೋಕಬಾರದು, ತಾನೇ ಮಾಡಬೇಕು.

ಕೊಬ್ಬರಿ ಎಣ್ಣೆ ತಂದೆವು. ಕಾಸ್ಟಿಕ್ ಸೋಡಾ ವಟ್ವಾದ ಅಂಗಡಿಯಿಂದ ನನ್ನ ಯಜಮಾನರು ತಂದುಕೊಟ್ಟರು. ನಿನ್ನ ಅವ್ವ ತಕ್ಕಡಿಯಲ್ಲಿ ಒಂದಕ್ಕೆ ಎರಡು ಸಲ ತೂಗಿದರು, ಸೋಡಾವನ್ನು ನೀರಿನಲ್ಲಿ ಕರಗಿಸಿ ಆರಿಸಿದರು, ಸ್ಟೀಲಿನ ಪಾತ್ರೆಯಲ್ಲಿದ್ದ ಎಣ್ಣೆಗೆ ಸುರಿದರು. ಆಮೇಲೆ ಮರದ ಸೌಟಿನಿಂದ ತಿರುವುವ ಕೆಲಸ. ಮಿಶ್ರಣ ದೋಸೆ ಹಿಟ್ಟಿನ ಹದಕ್ಕೆ ಬರಬೇಕು. ಬರಲಿಲ್ಲ. ಮುಕ್ಕಾಲು ಗಂಟೆಯಾದರೂ ನೀರುನೀರು. ಆಗ ಕೆಳಗಿನ ಮನೆಯವರು ಕೂಗಿದರು — ನಿನ್ನ ಫೋನು ಬಂದಿತ್ತು. "ನೀ ತಿರುವುತಿರು, ಬಂದೆ" ಎಂದು ಶಾರದಕ್ಕ ಇಳಿದು ಹೋದರು.

ನನ್ನ ತೋಳು ಸೋತಿತ್ತು. ಸ್ವಭಾವದಲ್ಲೇ ನಾನು ಅವಸರದವಳು. ಸಾರು ತೆಳುವಾದರೆ ಹಿಟ್ಟು ಕಲಸಿ ಹಾಕುವವಳು. ಇಲ್ಲೂ ಅದೇ ಬುದ್ಧಿ. ಡಬ್ಬಿಯಲ್ಲಿ ಉಳಿದಿದ್ದ ಸೋಡಾವನ್ನು ಎರಡು ಚಮಚ — ಇಲ್ಲ, ಸುಳ್ಳು ಹೇಳಬಾರದು — ಮೂರು ಚಮಚ, ತುಂಬಿ ತುಂಬಿ, ನೀರಿಗೆ ಹಾಕಿ ಕರಗಿಸಿ ಸುರಿದುಬಿಟ್ಟೆ. ತೂಗಲಿಲ್ಲ. ಸ್ವಲ್ಪ ಹೊತ್ತಿಗೆ ಗಟ್ಟಿಯಾಯಿತು. ನಿನ್ನ ಅವ್ವ ಬಂದು ನೋಡಿ ಕಣ್ಣರಳಿಸಿದರು: "ನಿನ್ನ ಕೈಗುಣ ಛಲೋ ಅದ ನೋಡು ವಸುಧಾ!" ನಾನು ನಕ್ಕೆ. ಆಗಲೇ ಹೇಳಬಹುದಿತ್ತು. ಹೊಗಳಿಕೆ ಯಾರಿಗೆ ಬೇಡ?

ಖಾಲಿ ಮಿಠಾಯಿ ಡಬ್ಬಿಗಳಲ್ಲಿ ಸುರಿದೆವು, ಮರುದಿನ ಕತ್ತರಿಸಿ ಬೀರುವಿನ ಮೇಲೆ ಒಣಗಲು ಇಟ್ಟೆವು. ಕೋಕಿಲಾಬೆನ್ ಒಂದು ಪರೀಕ್ಷೆ ಹೇಳಿಕೊಟ್ಟಿದ್ದರು: ತಿಂಗಳಾದ ಮೇಲೆ ಸೋಪಿಗೆ ನಾಲಿಗೆಯ ತುದಿ ತಾಗಿಸಿ ನೋಡಬೇಕು, ಚುರುಕ್ ಎಂದರೆ ಅದು ಮೈಗೆ ಆಗದು. ಶಾರದಕ್ಕ ಒಪ್ಪಲೇ ಇಲ್ಲ. "ಕೂಸಿನ ಮೈಗೆ ಹಚ್ಚೂ ಸಾಬಾಣ, ಎಂಜಲಾ ಮಾಡತಾರೇನವಾ? ತೂಗಿ ಹಾಕೇವಿ, ಏನೂ ಆಗಂಗಿಲ್ಲ." ದೇವರ ನೈವೇದ್ಯಕ್ಕಿದ್ದ ಮಡಿಯೇ ಆ ಸೋಪಿಗೂ. ಅವರು ತಮ್ಮ ತೂಕವನ್ನು ನಂಬಿದ್ದರು ಲತಾ. ಆ ತೂಕ ಸರಿಯಾಗಿಯೇ ಇತ್ತು.

ನನ್ನ ಪಾಲಿನದನ್ನು ಮನೆಗೆ ತಂದು ಕದ್ದು ನೆಕ್ಕಿ ನೋಡಿದೆ. ನಾಲಿಗೆ ಸುಟ್ಟಿತು. ಸಂಜೆಯವರೆಗೂ ಉರಿಯಿತು.

ಹೇಳಬೇಕಿತ್ತು. ಎದುರು ಮನೆ — ನಾಲ್ಕು ಹೆಜ್ಜೆ. ಆದರೆ ಹೇಳಿದರೆ ಮೂರು ಚಮಚದ ಮಾತೂ ಬರುತ್ತದೆ, ಎಂಜಲು ಮಾಡಿದ ಮಾತೂ ಬರುತ್ತದೆ, 'ನಿನ್ನ ಕೈಗುಣ' ಎಂದದ್ದೂ ಹೋಗುತ್ತದೆ. ಹೇಗೂ ಮಗುವಿಗೆ ಕಡಲೆಹಿಟ್ಟೇ ಹಚ್ಚುತ್ತಾರೆ ಅಂದುಕೊಂಡೆ. ಇಡುತ್ತ ಇಡುತ್ತ ಖಾರ ಇಳಿದೀತು ಅಂದುಕೊಂಡೆ. ನನ್ನ ಪಾಲಿನ ಸೋಪನ್ನು ಮಾತ್ರ ಬಟ್ಟೆ ಒಗೆಯಲು ಹಾಕಿದೆ. ನನ್ನ ಮಕ್ಕಳ ಮೈಗೆ ಒಂದು ದಿನವೂ ಸೋಕಿಸಲಿಲ್ಲ. ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕೆ?

ನೀನು ಬಾಣಂತನಕ್ಕೆ ಬಂದೆ. ಮಗುವಿಗೆ ಮೂರು ವಾರ ತುಂಬಿದ ದಿನ ಶಾರದಕ್ಕ ಬಚ್ಚಲಲ್ಲಿ ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಬೋರಲು ಮಲಗಿಸಿಕೊಂಡು, ನೀರು ಹಾಕಲು ನನ್ನನ್ನು ಕರೆದರು. ಪಕ್ಕದ ತಟ್ಟೆಯಲ್ಲಿ ಆ ಸೋಪು. ನನ್ನ ಬಾಯಿ ತೆರೆದದ್ದು ನನಗೆ ನೆನಪಿದೆ. "ಅಕ್ಕ—" ಅಂದೆ. "ಏನ?" ಅಂದರು. "ನೀರು ಬಿಸಿ ಸರಿಯಾಗಿದೆಯಾ?" ಅಂದೆ.

ಬೆನ್ನು, ಕುತ್ತಿಗೆಯ ಮಡಿಕೆ — ಮೊದಲು ಕೆಂಪಾಯಿತು, ಬೆಳಗಾಗುವಷ್ಟರಲ್ಲಿ ಬೊಬ್ಬೆ. ಡಾಕ್ಟರು ಏನು ಹಚ್ಚಿದಿರಿ ಎಂದು ಕೇಳಿದಾಗ ನಿನ್ನ ಅವ್ವ, "ನಾನೇ ಮಾಡಿದ ಸಾಬಾಣ" ಎಂದರು. ನನ್ನ ಹೆಸರೂ ಎತ್ತಲಿಲ್ಲ. ನಾನು ಪಕ್ಕದಲ್ಲೇ ನಿಂತಿದ್ದೆ.

ನಾಲ್ಕನೆಯ ದಿನ ನಿನ್ನ ಗಂಡ ಬಂದು ಕರೆದುಕೊಂಡು ಹೋದರು. ಹೊರಡುವಾಗ ನೀನು ಅಂದ ಮಾತು ನಿನಗೆ ನೆನಪಿದೆಯೋ ಇಲ್ಲವೋ: "ಅವ್ವಾ, ಇನ್ನ ನನ್ನ ಮಕ್ಕಳನ್ನ ಮುಟ್ಟಬ್ಯಾಡ." ಸಂಕಟದಲ್ಲಿ ಅಂದದ್ದು, ನಿನ್ನದು ತಪ್ಪಲ್ಲ. ಆದರೆ ಅವರು ಅದನ್ನು ಅಕ್ಷರಕ್ಕೆ ಅಕ್ಷರ ನಡೆಸಿದರು. ನಿನ್ನ ಎರಡನೇ ಕೂಸು ಹುಟ್ಟಿದಾಗ ವಡೋದರಾಕ್ಕೆ ಹೋಗಿ ಅದೇ ಸಂಜೆ ವಾಪಸ್ ಬಂದರು. ಕೂಸನ್ನು ಎತ್ತಿಕೊಂಡಿರಾ ಎಂದು ಕೇಳಿದೆ — ಕೇಳುವ ಮುಖ ನನಗಿತ್ತೆ? "ದೂರದಿಂದ ನೋಡಿದೆ. ಮುದ್ದಾಗೇತಿ. ಕೈ ಸೆರಗಿನಾಗ ಸುತ್ತಿಕೊಂಡು ಕೂತಿದ್ದೆ, ತಾವಾಗೇ ಮುಂದ ಹೋಗತಿದ್ದವು" ಅಂದರು. ಆಮೇಲೆ ಅಳುತ್ತ ಹೇಳಿದರು, "ನನ್ನ ಕೈಗುಣಾನೇ ಸರಿ ಇಲ್ಲ ವಸುಧಾ." ನಾನು ಸಮಾಧಾನ ಮಾಡಿದೆ. ಬೆನ್ನು ಸವರಿದೆ. ಸಮಾಧಾನವನ್ನೆಲ್ಲ ಹೇಳಿದೆ, ನಿಜವೊಂದನ್ನು ಬಿಟ್ಟು.

ನಿನ್ನ ಅಪ್ಪ ನಿವೃತ್ತರಾಗಿ ಧಾರವಾಡಕ್ಕೆ ಹೊರಟಾಗ ಮಣಿನಗರ ಸ್ಟೇಷನ್ನಿಗೆ ಹೋಗಿದ್ದೆ. ಶಾರದಕ್ಕ ಚೀಲದಿಂದ ಆ ಸ್ಟೀಲಿನ ಪಾತ್ರೆ ತೆಗೆದು ನನ್ನ ಕೈಗಿಟ್ಟರು. "ನೀ ಇಟ್ಕೋ. ನಿನ್ನ ಕೈ ಛಲೋ ಅದ." ಗಾಡಿ ಹೊರಡುವವರೆಗೂ ಹೊತ್ತಿತ್ತು. ನಾನು "ಆಗಲಿ ಅಕ್ಕ" ಎಂದೆ.

ಅವರಿಗೆ ಪ್ರೀತಿ ಇರಲಿಲ್ಲ ಅನ್ನಬೇಡ ಲತಾ. ತನ್ನ ಕೈಗೆ ಹೆದರಿ ನಿನ್ನ ಎರಡನೇ ಮಗುವನ್ನು ಎತ್ತಿಕೊಳ್ಳಲಿಲ್ಲ. ಆ ಹೆದರಿಕೆ ಹಾಕಿದವಳು ನಾನು, ಸಾಯುವವರೆಗೂ ತೆಗೆಯದವಳೂ ನಾನೇ. ಕ್ಷಮಿಸು ಎಂದು ಬರೆಯುವುದಿಲ್ಲ, ಕ್ಷಮಿಸಬೇಕಾದವರು ಹೋದರು.

ಪಾತ್ರೆಯನ್ನು ನಾನೇ ತಂದು ನಿನ್ನ ಬಾಗಿಲಲ್ಲಿ ಇಡುತ್ತೇನೆ. ಒಳಗೆ ಕರೆಯುವುದು ಬಿಡುವುದು ನಿನಗೆ ಬಿಟ್ಟದ್ದು. ನಿನ್ನ ಮಗಳು ಕುತ್ತಿಗೆಯ ಕಲೆ ತೋರಿಸಿ 'ಇದು ಅಜ್ಜಿ ಮಾಡಿದ್ದು' ಅನ್ನುತ್ತಾಳೆ ಎಂದಿದ್ದೆಯಲ್ಲ — ಅವಳನ್ನು ಇವತ್ತೇ ಕೂರಿಸಿಕೊಂಡು ಹೇಳು, ಅಜ್ಜಿ ಅಲ್ಲ ಎಂದು. ಯಾರು ಎಂದು ಕೇಳಿದರೆ ನನ್ನ ಹೆಸರು ಹೇಳು.